ಶಾಸ್ತ್ರದ ಗಿಡ, ದೇವರ ಕಾಡು

ಶಾಸ್ತ್ರಗ್ರಂಥಗಳು ಹೆಸರಿಸುವ ಮರಗಿಡಗಳನ್ನು ಒಂದೇ ಕಡೆ ನೆಟ್ಟು ಬೆಳೆಸುವ ತೋಟಗಳಿಗೆ ನಕ್ಷತ್ರವನ, ರಾಶಿವನ, ನವಗ್ರಹವನ ಎಂಬ ಹೆಸರುಗಳಿವೆ. ಕರ್ನಾಟಕ ಅರಣ್ಯ ಇಲಾಖೆ ‘ದೈವೀವನ’ ಎಂದು ಇಂಥವನ್ನು ಬೆಳೆಸಿದೆ. ನವಗ್ರಹವನದ ಪಟ್ಟಿ ಯಾಜ್ಞವಲ್ಕ್ಯ ಸ್ಮೃತಿಯಲ್ಲೇ ಇದೆ: ಸೂರ್ಯನಿಗೆ ಎಕ್ಕ, ಚಂದ್ರನಿಗೆ ಮುತ್ತುಗ, ಕುಜನಿಗೆ ಕಗ್ಗಲಿ, ಬುಧನಿಗೆ ಉತ್ತರಾಣಿ, ಗುರುವಿಗೆ ಅಶ್ವತ್ಥ, ಶುಕ್ರನಿಗೆ ಅತ್ತಿ, ಶನಿಗೆ ಬನ್ನಿ, ರಾಹು ಕೇತುಗಳಿಗೆ ಗರಿಕೆ, ದರ್ಭೆ.

ಬಾಯಿಪಾಠದ ಪಟ್ಟಿ ಇಲ್ಲಿ ಕೈಗೆ ಸಿಗುತ್ತದೆ. ಎಕ್ಕದ ಎಲೆ ಮುರಿದರೆ ಹಾಲು ಒಸರುತ್ತದೆ. ಉತ್ತರಾಣಿಯ ತೆನೆಗೆ ತಾಗಿ ನಡೆದವರ ಪಂಚೆಯ ತುಂಬ ಅದರ ಕಾಳು. ಅತ್ತಿಹಣ್ಣು ಸೀಳಿದರೆ ಹೊರಗೆ ಕಾಣದ ಹೂಗಳೆಲ್ಲ ಒಳಗಿರುತ್ತವೆ. ಮಂತ್ರದಲ್ಲಿ ಕೇಳಿದ ಹೆಸರು ಹೀಗೆ ಒಮ್ಮೆ ಕೈಗಂಟಿದರೆ ಮರೆಯುವುದು ಕಷ್ಟ.

ಆದರೆ ಎಕ್ಕ, ಬನ್ನಿ, ಕಗ್ಗಲಿ ಬಯಲುಸೀಮೆಯ ಗಿಡಗಳು. ಕೊಡಗಿನ ತಡಿಯಂಡಮೋಳ್ ಬೆಟ್ಟದ ಬುಡದಲ್ಲಿರುವ ಕಕ್ಕಬೆಯ ಮಳೆ ಅವಕ್ಕೆ ಒಗ್ಗುವಂಥದ್ದಲ್ಲ. ಕೊಡಗಿನಲ್ಲಿ ಈ ಪಾಠ ಹೇಳುವುದು ನೆಟ್ಟ ವನಕ್ಕಿಂತ ಹೆಚ್ಚಾಗಿ ದೇವರಕಾಡು. ಜಿಲ್ಲೆಯಲ್ಲಿ 1,214 ದೇವರಕಾಡುಗಳಿದ್ದು, ಒಟ್ಟು ವಿಸ್ತೀರ್ಣ ಸುಮಾರು 2,550 ಹೆಕ್ಟೇರ್. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇದು ಎರಡು ಪಟ್ಟಿಗೂ ಮೀರಿತ್ತು. ಕಳೆದುಹೋದ ಭಾಗ ಒತ್ತುವರಿಗೆ, ತೋಟಗಳಿಗೆ ಹೋಯಿತು. ಇದು ದೊಡ್ಡ ನಷ್ಟ. ದೇವರಕಾಡಿನಲ್ಲಿ ಮರ ಕಡಿಯುವಂತಿಲ್ಲ. ಅಯ್ಯಪ್ಪನ ಕಾಡುಗಳಲ್ಲಿ ಹರಕೆ ಒಪ್ಪಿಸಿದ ಮಣ್ಣಿನ ನಾಯಿಗಳು ತರಗೆಲೆಯ ನಡುವೆ ಸಾಲಾಗಿ ನಿಂತಿರುತ್ತವೆ. ಶಾಸ್ತ್ರದ ಪಟ್ಟಿ ಮತ್ತು ಈ ಕಾಡು ಕೂಡುವ ಮರಗಳೂ ಉಂಟು. ನಕ್ಷತ್ರವನದಲ್ಲಿ ಆಶ್ಲೇಷಾ ನಕ್ಷತ್ರದ ಮರವಾದ ನಾಗಸಂಪಿಗೆ ಪಶ್ಚಿಮಘಟ್ಟದ ಕಾಡಿನಲ್ಲಿ ತಾನಾಗಿ ಬೆಳೆಯುತ್ತದೆ: ಕೆಂಪು ಚಿಗುರು, ನಾಲ್ಕು ಬಿಳಿ ಎಸಳು, ನಡುವೆ ಹಳದಿ ಕೇಸರದ ಗುಚ್ಛ, ದೂರದಿಂದಲೇ ಮೂಗಿಗೆ ಬರುವ ಕಂಪು.

ಕಕ್ಕಬೆಯ ಪಾಡಿ ಇಗ್ಗುತ್ತಪ್ಪ ಮಳೆ ಬೆಳೆಯ ದೇವರು. ಕೊಡಗಿನ ಸುಗ್ಗಿಹಬ್ಬವಾದ ಹುತ್ತರಿಯ ದಿನ, ಮುಹೂರ್ತ ಗೊತ್ತಾಗುವುದು ಇಲ್ಲಿಯೇ, ರೋಹಿಣಿ ನಕ್ಷತ್ರವನ್ನು ನೋಡಿ. ನಕ್ಷತ್ರವನದಲ್ಲಿ ರೋಹಿಣಿಯ ಮರ ನೇರಳೆ. ಹುತ್ತರಿಗೆ ಬೇಕಾದ ಎಲೆಗಳು ಮಾತ್ರ ಬೇರೆ. ಅಶ್ವತ್ಥ, ಮಾವು ಮೊದಲಾದ ಐದು ಬಗೆಯ ಎಲೆಗಳನ್ನು ಹಗಲಲ್ಲೇ ಆಯ್ದು ತಂದು, ಐನ್‌ಮನೆಯ (ಕುಲದ ಮೂಲಮನೆಯ) ನಡುಮನೆಯಲ್ಲಿ ಚಾಪೆ ಹಾಸಿ, ದೀಪದ ಬೆಳಕಿನಲ್ಲಿ ಒಂದರ ಮೇಲೊಂದಿಟ್ಟು ನಾರಿನಿಂದ ಬಿಗಿಯುತ್ತಾರೆ. ಇದಕ್ಕೆ ‘ನೆರೆ ಕಟ್ಟುವುದು’ ಎಂದು ಹೆಸರು. ಯಾವ ಎಲೆ ಎಲ್ಲಿ ಸಿಗುತ್ತದೆ, ಎಳೆಯದು ಯಾವುದು, ಬಲಿತದ್ದು ಯಾವುದು ಎಂಬುದನ್ನು ಮಕ್ಕಳು ಹಿರಿಯರ ಜೊತೆ ತಿರುಗಿಯೇ ಕಲಿಯುತ್ತಾರೆ. ಪಾಡಿಯಲ್ಲಿ ಮೊದಲು ಕದಿರು ತೆಗೆದ ಮೇಲೆ ಉಳಿದ ಮನೆಗಳ ಸರದಿ. ‘ಪೊಲಿ ಪೊಲಿ ದೇವಾ’ ಎಂಬ ಕೂಗಿನೊಡನೆ ಗದ್ದೆಯಿಂದ ಬಂದ ಕದಿರನ್ನು ಆ ಎಲೆಗಳ ಜೊತೆ ಸೇರಿಸಿ ಕಂಬಕ್ಕೆ, ಬಾಗಿಲಿಗೆ ಕಟ್ಟುತ್ತಾರೆ.