ಲಗತ್ತು ಬಂದಿದೆ, ತೆರೆಯುವ ಬಗೆ ಹೇಗೆ?

ಅಂಚೆಯವನು ಮನೆಗೆ ಒಂದು ಕಟ್ಟು ತಂದನೆನ್ನೋಣ. ಬಿಡಿಸುವ ಮೊದಲು ನಾವು ಮೇಲಿನ ಚೀಟಿ ನೋಡುತ್ತೇವೆ. ಪುಸ್ತಕವಾದರೆ ಮೇಜಿನ ಮೇಲೆ, ಔಷಧಿಯಾದರೆ ಮಕ್ಕಳ ಕೈಗೆಟುಕದ ಕಪಾಟಿಗೆ, ಕಳುಹಿಸಿದವರು ಯಾರೆಂದು ತಿಳಿಯದಿದ್ದರೆ ವಿಚಾರಿಸುವ ತನಕ ಜಗಲಿಯಲ್ಲೇ. ಇ-ಮೇಲ್ ಜತೆಗೆ ಬರುವ ಲಗತ್ತುಗಳ ವಿಚಾರವೂ ಹೀಗೆಯೇ. ಆದರೆ ಅಲ್ಲಿ ಯಾವುದನ್ನು ಎಲ್ಲಿಡಬೇಕೆಂದು ನಿರ್ಧರಿಸುವುದು ಗಣಕಯಂತ್ರದೊಳಗಿನ ತಂತ್ರಾಂಶ. ಅದಕ್ಕೆ ಹೇಳಿಕೊಡಬೇಕಾದವರು ನಾವು.

ಹೇಳಿಕೊಡುವಾಗ ಎಚ್ಚರ ತಪ್ಪಿದರೆ ಏನಾಗುತ್ತದೆಂಬುದನ್ನು ಕಳೆದ ವರ್ಷ ನಾವು ಕಂಡೆವು. ವಿದ್ಯಾರ್ಥಿವೇತನದ ಅರ್ಜಿ ನಮೂನೆಯೊಂದು ಶಾಲೆಯ ಕಚೇರಿಗೆ ಇ-ಮೇಲ್‌ನಲ್ಲಿ ಬಂತು. ಪತ್ರದಲ್ಲಿ ‘ಲಗತ್ತು ನೋಡಿರಿ’ ಎಂಬ ಒಂದೇ ಸಾಲು. ಲಗತ್ತನ್ನು ಒತ್ತಿದೆವು, ಪರದೆಯ ಮೇಲೆ ಏನೂ ಕಾಣಲಿಲ್ಲ. ಮತ್ತೆ ಮತ್ತೆ ಒತ್ತಿ, ಖಾಲಿ ಲಗತ್ತೆಂದು ಕೈಬಿಟ್ಟೆವು. ಎರಡು ವಾರ ಕಳೆದು ಬೇರೇನನ್ನೋ ಹುಡುಕುವಾಗ ‘ಡೌನ್‌ಲೋಡ್ಸ್’ ಎಂಬಲ್ಲಿ ಅದೇ ನಮೂನೆಯ ನಾಲ್ಕು ಪ್ರತಿಗಳು ಸಾಲಾಗಿ ಕುಳಿತಿದ್ದವು. ಕೊನೆಯ ದಿನಾಂಕ ದಾಟಿತ್ತು. ಹತ್ತನೆಯ ತರಗತಿಯ ಮೂವರಿಗೆ ಅರ್ಜಿ ಹಾಕಲಾಗಲಿಲ್ಲ. ನಮ್ಮಲ್ಲೇ ಒಬ್ಬರು ಹಿಂದೊಮ್ಮೆ ‘ಪಿ.ಡಿ.ಎಫ್. ಬಂದರೆ ತೆರೆಯದೆ ಉಳಿಸಿಡು’ ಎಂದು ತಂತ್ರಾಂಶಕ್ಕೆ ಅಪ್ಪಣೆ ಕೊಟ್ಟು ಮರೆತಿದ್ದರು. ಯಂತ್ರ ಹೇಳಿದಂತೆ ಮಾಡಿತ್ತು, ತಪ್ಪು ನಮ್ಮದು. ಆ ಮೂವರ ಹೆತ್ತವರ ಮುಂದೆ ಅದನ್ನು ಒಪ್ಪಿಕೊಂಡ ಮೇಲೆ, ಉಳಿದವರಿಗಾದರೂ ಇದು ತಿಳಿದಿರಲಿ ಎಂದು ಈ ಲೇಖನ ಬರೆಯುತ್ತಿದ್ದೇವೆ.

ಚೀಟಿ ಬಂದ ಕಥೆ

ಒಂದು ಗಣಕಯಂತ್ರದಿಂದ ಇನ್ನೊಂದಕ್ಕೆ ಜಾಲದ ಮೂಲಕ ಮೊದಲು ಪತ್ರ ಕಳುಹಿಸಿದವರು ಅಮೆರಿಕದ ರೇ ಟಾಮ್ಲಿನ್ಸನ್, 1971ರಲ್ಲಿ. ಅಂದಿನ ಇ-ಮೇಲ್ ಇಂಗ್ಲಿಷಿನ ಅಕ್ಷರ, ಅಂಕೆ, ಕೆಲವು ಚಿಹ್ನೆಗಳನ್ನು ಮಾತ್ರ ಹೊರಬಲ್ಲುದಾಗಿತ್ತು. ಚಿತ್ರ, ಹಾಡು, ಕನ್ನಡದ ಅಕ್ಷರ ಯಾವುದಕ್ಕೂ ಅಲ್ಲಿ ಎಡೆಯಿರಲಿಲ್ಲ. 1992ರಲ್ಲಿ ನಥೇನಿಯಲ್ ಬೋರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ಎಂಬವರು ‘ಮೈಮ್’ ಎಂಬ ನಿಯಮಾವಳಿಯನ್ನು ರೂಪಿಸಿದರು. ಆ ವರ್ಷದ ಮಾರ್ಚಿನಲ್ಲಿ ಬೋರೆನ್‌ಸ್ಟೈನ್ ತಮ್ಮ ಗಾಯಕ ಬಳಗದ ಚಿತ್ರವನ್ನೂ ಹಾಡನ್ನೂ ಲಗತ್ತಿಸಿ ಕಳುಹಿಸಿದರು.

ಈ ನಿಯಮದಂತೆ ಪ್ರತಿಯೊಂದು ಲಗತ್ತಿಗೂ ಎರಡು ಭಾಗದ ಚೀಟಿ ಇರುತ್ತದೆ. ‘ಇಮೇಜ್/ಜೆಪೆಗ್’ ಎಂದರೆ ಚಿತ್ರ, ಅದರಲ್ಲಿ ಜೆಪೆಗ್ ಜಾತಿಯದು. ‘ಅಪ್ಲಿಕೇಶನ್/ಪಿ.ಡಿ.ಎಫ್.’ ಎಂದರೆ ಬೇರೊಂದು ತಂತ್ರಾಂಶ ತೆರೆಯಬೇಕಾದ ಕಡತ, ಪಿ.ಡಿ.ಎಫ್. ಜಾತಿಯದು. ಕಡತವನ್ನು ಅಕ್ಷರಗಳಾಗಿ ಬದಲಿಸಿ ಪತ್ರದೊಳಗೆ ತುಂಬುತ್ತಾರೆ. ಮೂರು ಬೈಟುಗಳು ನಾಲ್ಕು ಅಕ್ಷರಗಳಾಗುತ್ತವೆ. ಆದುದರಿಂದ 3 ಎಂ.ಬಿ.ಯ ಚಿತ್ರ ದಾರಿಯಲ್ಲಿ ಸುಮಾರು 4 ಎಂ.ಬಿ. ತೂಗುತ್ತದೆ.

ಅಪ್ಪಣೆ ಕೊಡುವ ಜಾಗ

ಥಂಡರ್‌ಬರ್ಡ್ ಎಂಬ ಉಚಿತ ತಂತ್ರಾಂಶವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರ ‘ಸೆಟ್ಟಿಂಗ್ಸ್’ನಲ್ಲಿ ‘ಜನರಲ್’ ಎಂಬ ಪುಟದ ಕೆಳಭಾಗಕ್ಕೆ ಹೋದರೆ ‘ಫೈಲ್ಸ್ ಅಂಡ್ ಅಟ್ಯಾಚ್‌ಮೆಂಟ್ಸ್’ ಎಂಬ ಪಟ್ಟಿ ಕಾಣುತ್ತದೆ. ಎಡಗಡೆ ಕಡತದ ಜಾತಿ, ಬಲಗಡೆ ಅದಕ್ಕೆ ಮಾಡಬೇಕಾದ ಕೆಲಸ. ಕೆಲಸಗಳು ಮುಖ್ಯವಾಗಿ ಮೂರು: ಪ್ರತಿ ಸಲ ನಮ್ಮನ್ನು ಕೇಳುವುದು, ಉಳಿಸಿಡುವುದು, ಗೊತ್ತುಮಾಡಿದ ತಂತ್ರಾಂಶದಲ್ಲಿ ತೆರೆಯುವುದು. ಲಗತ್ತು ತೆರೆಯುವಾಗ ‘ಇನ್ನು ಮುಂದೆಯೂ ಹೀಗೆಯೇ ಮಾಡು’ ಎಂಬರ್ಥದ ಚೌಕಕ್ಕೆ ಗುರುತು ಹಾಕಿದರೆ ಈ ಪಟ್ಟಿಗೆ ಒಂದು ಸಾಲು ಸೇರುತ್ತದೆ. ನಾವು ಎಡವಿದ್ದು ಆ ಚೌಕದಲ್ಲಿಯೇ. ತಪ್ಪಿದ್ದರೆ ಇಲ್ಲಿಗೆ ಬಂದು ತಿದ್ದಬಹುದು.

ಈಗ ಹೆಚ್ಚಿನ ಮನೆಗಳಲ್ಲಿ ಇ-ಮೇಲ್ ನೋಡುವುದು ಫೋನಿನಲ್ಲಿ. ಆಂಡ್ರಾಯ್ಡ್ ಫೋನು ‘ಒಂದು ಬಾರಿ ಮಾತ್ರವೇ, ಯಾವಾಗಲೂ ಹೀಗೆಯೇ?’ ಎಂದು ಕೇಳುವುದುಂಟು. ಖಚಿತವಿಲ್ಲದಾಗ ‘ಒಂದು ಬಾರಿ’ ಎನ್ನಿರಿ. ತಪ್ಪಿ ‘ಯಾವಾಗಲೂ’ ಎಂದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ನ ಹೆಸರು ಹುಡುಕಿ, ಅದು ತಾನಾಗಿ ತೆರೆಯುವ ಏರ್ಪಾಡನ್ನು ಅಳಿಸಬಹುದು.

ಯಾವುದಕ್ಕೆ ಯಾವ ಅಪ್ಪಣೆ?

ನಮ್ಮ ಕಚೇರಿಯಲ್ಲಿ ಈಗ ಇಟ್ಟುಕೊಂಡ ಕ್ರಮ ಇದು. ಪಿ.ಡಿ.ಎಫ್. ಬಂದರೆ ಕೂಡಲೇ ಓದುವ ತಂತ್ರಾಂಶದಲ್ಲಿ ತೆರೆಯಬೇಕು. ವರ್ಡ್ ಮತ್ತು ಎಕ್ಸೆಲ್ ಕಡತಗಳಿಗೆ ಪ್ರತಿ ಸಲವೂ ಕೇಳಬೇಕು. ಏಕೆಂದರೆ ಅವುಗಳೊಳಗೆ ‘ಮ್ಯಾಕ್ರೋ’ ಎಂಬ ಸಣ್ಣ ಆಜ್ಞೆಗಳು ಅಡಗಿರಬಹುದು. ಜಿಪ್ ಕಟ್ಟಿಗೂ ಹಾಗೆಯೇ, ಒಳಗೇನಿದೆಯೆಂದು ಹೊರಗೆ ಕಾಣದು. ಹೆಸರಿನ ಕೊನೆಯಲ್ಲಿ ಇ.ಎಕ್ಸ್.ಇ., ವಿ.ಬಿ.ಎಸ್., ಎ.ಪಿ.ಕೆ. ಎಂದಿದ್ದರೆ ತೆರೆಯಲೇ ಕೂಡದು. ಅವು ಓದುವ ಕಾಗದಗಳಲ್ಲ, ಓಡುವ ತಂತ್ರಾಂಶಗಳು.

ಈ ಕೊನೆಯ ಬಾಲವನ್ನು ನೋಡದ್ದರಿಂದಲೇ 2000ದ ಮೇ ತಿಂಗಳಿನಲ್ಲಿ ಜಗತ್ತಿನಾದ್ಯಂತ ಲಕ್ಷಾಂತರ ಯಂತ್ರಗಳು ಕೆಟ್ಟವು. ಫಿಲಿಪ್ಪೀನ್ಸ್‌ನಿಂದ ಹೊರಟ ಆ ಪತ್ರದ ಲಗತ್ತಿನ ಹೆಸರು ‘ಟಿ.ಎಕ್ಸ್.ಟಿ.’ ಎಂದು ಮುಗಿದಂತೆ ತೋರುತ್ತಿತ್ತು. ಅದರ ಹಿಂದಿದ್ದ ‘ವಿ.ಬಿ.ಎಸ್.’ ಎಂಬುದನ್ನು ವಿಂಡೋಸ್ ಮರೆಮಾಡಿತ್ತು. ಪ್ರೇಮಪತ್ರವೆಂದು ತೆರೆದವರ ಚಿತ್ರಗಳು ಹಾಳಾದವು. ಅದೇ ಪತ್ರ ಅವರ ವಿಳಾಸ ಪಟ್ಟಿಯಲ್ಲಿದ್ದವರಿಗೆಲ್ಲ ತಾನಾಗಿ ಹೋಯಿತು. ಈಗಲೂ ವಿಂಡೋಸ್‌ನಲ್ಲಿ ಈ ಬಾಲ ಮರೆಯಾಗಿರುವುದುಂಟು. ಕಡತಗಳನ್ನು ನೋಡುವ ಕಿಟಕಿಯ ‘ವ್ಯೂ’ ವಿಭಾಗದಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್’ ಎಂಬುದಕ್ಕೆ ಗುರುತು ಹಾಕಿದರೆ ಅದು ಕಾಣುತ್ತದೆ. ಗುರುತಿನವರ ಹೆಸರಿನಲ್ಲಿ ಬಂದರೂ ಅನುಮಾನವಿದ್ದರೆ ಫೋನು ಮಾಡಿ ಕೇಳಿರಿ. ಅದರಲ್ಲಿ ಸಂಕೋಚವೇನೂ ಬೇಡ.

ಕನ್ನಡದ ಲಗತ್ತು

ಗಡಿಯಾಚೆಯ ನಮಗೆ ಇನ್ನೊಂದು ಮಾತು ಮುಖ್ಯ. ಕೆಲವೊಮ್ಮೆ ಕಡತ ಸರಿಯಾದ ತಂತ್ರಾಂಶದಲ್ಲೇ ತೆರೆಯುತ್ತದೆ, ಆದರೆ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಅಪ್ಪಣೆಯ ಪಟ್ಟಿಯನ್ನು ಎಷ್ಟು ತಿದ್ದಿದರೂ ಇದು ಸರಿಹೋಗದು. ಬರೆದವರು ಹಳೆಯ ಮಾದರಿಯ ಅಕ್ಷರಶೈಲಿ ಬಳಸಿದ್ದಾರೆ, ಅದು ನಮ್ಮ ಯಂತ್ರದಲ್ಲಿಲ್ಲ, ಅಷ್ಟೆ. 1991ರಲ್ಲಿ ಹೊರಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವಿದೆ. ನೀವು ಪ್ರಬಂಧವನ್ನೋ ಅರ್ಜಿಯನ್ನೋ ಕಳುಹಿಸುವಾಗ ಯೂನಿಕೋಡ್‌ನಲ್ಲಿ ಬರೆದು, ಪಿ.ಡಿ.ಎಫ್. ಮಾಡಿ ಕಳುಹಿಸಿರಿ. ಕನ್ನಡದ ಅಕ್ಷರಶೈಲಿ ಇಲ್ಲದ ಕಚೇರಿಯಲ್ಲಿಯೂ ಅದು ಸಾಮಾನ್ಯವಾಗಿ ಹಾಗೆಯೇ ಕಾಣುತ್ತದೆ.

ಹೆತ್ತವರೇ, ಇಂದು ಸಂಜೆ ಮಕ್ಕಳನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ನಿಮ್ಮ ಫೋನಿನ ಡೌನ್‌ಲೋಡ್ಸ್ ಒಮ್ಮೆ ತೆರೆದು ನೋಡಿರಿ. ನೀವು ನೋಡದ ಕಾಗದವೊಂದು ಅಲ್ಲಿ ಕಾದಿರಬಹುದು. ಅದರ ಕೊನೆಯ ದಿನಾಂಕ ಇನ್ನೂ ದಾಟಿರದಿರಲಿ ಎಂದು ಹಾರೈಸುತ್ತೇವೆ.