ತಗ್ಗಿನ ಮನೆಗೆ ಮೊಬೈಲ್ ಸಿಗ್ನಲ್ ಏಕೆ ಇಳಿಯದು?



ಸಂಘದ ಕಚೇರಿಗೆ ಬರುವ ಬೆಳೆಗಾರರು ಧಾರಣೆ ವಿಚಾರಿಸಿದ ಬಳಿಕ ಆಡುವ ಮುಂದಿನ ಮಾತು ಬಹುತೇಕ ಮೊಬೈಲಿನದೇ ಆಗಿರುತ್ತದೆ. ಗುಡ್ಡದ ಮೇಲಿನ ಟವರ್ ಅಂಗಳದಿಂದ ಕಾಣುತ್ತದೆ, ಆದರೆ ಮನೆಯೊಳಗೆ ಮಾತು ಸಿಗದು ಎನ್ನುವವರು ಕೆಲವರು. ದರೆ ಹತ್ತಿ ಗೇರುಮರದ ಬುಡಕ್ಕೆ ಹೋದರೆ ಮಾತ್ರ ಎರಡು ಕಡ್ಡಿ ಬರುತ್ತದೆ ಎನ್ನುವವರು ಹಲವರು. ಟವರ್ ಹತ್ತಿರವೇ ಇದ್ದರೂ ಹೀಗೇಕೆ, ಇದಕ್ಕೆ ನಾವು ಮಾಡಬಹುದಾದದ್ದೇನು ಎಂಬುದನ್ನು ಈ ಲೇಖನದಲ್ಲಿ ವಿವರಿಸಲು ಯತ್ನಿಸಿದ್ದೇವೆ.

ಮೊಬೈಲ್ ಶೋಕಿಯ ವಸ್ತುವಾಗಿದ್ದ ಕಾಲ ಹೋಯಿತು. ಬ್ಯಾಂಕಿನ ಒಟಿಪಿ ಗುಡ್ಡದ ಮೇಲೆ ಬಂದರೆ, ಇಳಿದು ಮನೆ ಸೇರುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. 2020–21ರ ಕೊರೋನಾ ದಿನಗಳಲ್ಲಿ ಮಲೆನಾಡಿನ ಮಕ್ಕಳು ಕೊಡೆ ಹಿಡಿದುಕೊಂಡು ಗುಡ್ಡದ ಮೇಲೆ ಪಾಠ ಕೇಳಿದ್ದನ್ನು ನಾವೆಲ್ಲ ಕಂಡಿದ್ದೇವೆ. ಎಲ್ಲಕ್ಕಿಂತ ಮಿಗಿಲಾಗಿ, ಮಕ್ಕಳು ಬೆಂಗಳೂರಿನಲ್ಲಿದ್ದು ವೃದ್ಧರಿಬ್ಬರೇ ಇರುವ ತೋಟದ ಮನೆಗಳು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿವೆ. ಕೊನೆ ಕೊಯ್ಯುವಾಗ ಮರದಿಂದ ಬಿದ್ದವರಿಗೆ, ಹಾವು ಕಚ್ಚಿದವರಿಗೆ, ರಾತ್ರಿ ಎದೆನೋವು ಬಂದವರಿಗೆ ಗುಡ್ಡ ಹತ್ತಿ ಇಳಿಯುವ ಅರ್ಧ ಗಂಟೆ ಬಹಳ ದೊಡ್ಡದು.

ತರಂಗದ ಸ್ವಭಾವ

ಟವರಿನಿಂದ ಹೊರಡುವುದು ರೇಡಿಯೋ ತರಂಗ. ಇದು ಬೆಳಕಿನಂತೆ ಬಹುಮಟ್ಟಿಗೆ ನೇರ ಸಾಗುವಂಥದು. ಗುಡ್ಡದ ಹಿಂದೆ ಬೆಳಕಿಗೆ ನೆರಳು ಬೀಳುವ ಹಾಗೆ ಇದಕ್ಕೂ ನೆರಳು ಬೀಳುತ್ತದೆ. ಆದರೆ ಒಂದು ವ್ಯತ್ಯಾಸವಿದೆ. ತರಂಗ ಉದ್ದವಾದಷ್ಟೂ ಅದು ಗುಡ್ಡದ ನೆತ್ತಿಯನ್ನು ಬಳಸಿ ಸ್ವಲ್ಪ ಕೆಳಕ್ಕೆ ಬಾಗಬಲ್ಲದು, ಎಲೆ ಗೋಡೆಗಳನ್ನು ತೂರಿಕೊಂಡು ಬರಬಲ್ಲದು. ಗಿಡ್ಡ ತರಂಗಕ್ಕೆ ಆ ಶಕ್ತಿ ಕಡಿಮೆ.

700 ಮೆಗಾಹರ್ಟ್ಸ್‌ನ ತರಂಗದ ಉದ್ದ ಸುಮಾರು 43 ಸೆಂಟಿಮೀಟರ್, ಎಂದರೆ ಹತ್ತಿರ ಹತ್ತಿರ ಒಂದು ಮೊಳ. 900 ಮೆಗಾಹರ್ಟ್ಸ್‌ನದು 33 ಸೆಂಟಿಮೀಟರ್. 1800ರದು 17 ಸೆಂಟಿಮೀಟರ್, ಗೇಣಿಗೂ ಕಡಿಮೆ. 5ಜಿಗೆ ಬಹಳವಾಗಿ ಬಳಸುವ 3300 ಮೆಗಾಹರ್ಟ್ಸ್‌ನ ತರಂಗ 9 ಸೆಂಟಿಮೀಟರ್ ಮಾತ್ರ. ಗಿಡ್ಡ ತರಂಗಗಳ ಪಟ್ಟಿಯಲ್ಲಿ ಜಾಗ ವಿಶಾಲವಾಗಿರುವುದರಿಂದ ಪೇಟೆಯಲ್ಲಿ ವೇಗ ಹೆಚ್ಚು ಸಿಗುತ್ತದೆ. ನಮ್ಮ ಕಣಿವೆಗಳಿಗೆ ಬೇಕಾದುದು ಮೊಳದುದ್ದದ ತರಂಗ. ಆದುದರಿಂದ ಪೇಟೆಯಲ್ಲಿ ಚೆನ್ನಾಗಿ ನಡೆಯುವ ಕಂಪನಿಯೇ ತೋಟದಲ್ಲಿಯೂ ಚೆನ್ನಾಗಿರುತ್ತದೆ ಎಂದು ಭಾವಿಸುವುದು ಸರಿಯಲ್ಲ.

ನಮ್ಮ ಮನೆಗಳಿರುವ ಜಾಗ

ಅಡಿಕೆಗೆ ನೀರು ಬೇಕು, ಗಾಳಿಯಿಂದ ರಕ್ಷಣೆ ಬೇಕು, ಪಡುವಣ ಬಿಸಿಲಿನಿಂದ ಮರೆ ಬೇಕು. ಆದಕಾರಣ ಹಿರಿಯರು ಎರಡು ಗುಡ್ಡಗಳ ನಡುವಿನ ಹಳ್ಳದ ಪಕ್ಕದಲ್ಲಿ ತೋಟ ಹಾಕಿದರು, ಮೇಲೆ ಸೊಪ್ಪಿನ ಬೆಟ್ಟವನ್ನು ಕಾಯ್ದುಕೊಂಡರು, ತೋಟದ ತಲೆಯಲ್ಲಿ ಮನೆ ಕಟ್ಟಿದರು. ಬೆಳೆಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಆದರೆ ಗಾಳಿಯನ್ನು ತಡೆಯುವ ಅದೇ ಗುಡ್ಡ ಸಿಗ್ನಲನ್ನೂ ತಡೆಯುತ್ತದೆ. ಕಾಫಿ ತೋಟದಲ್ಲಿ ಗುಡ್ಡದ ಜೊತೆಗೆ ನೆರಳು ಮರಗಳ ದಟ್ಟ ಚಪ್ಪರವೂ ಸೇರುತ್ತದೆ. ಎಲೆಯಲ್ಲಿ ನೀರಿರುವುದರಿಂದ ಅದು ತರಂಗವನ್ನು ಹೀರುತ್ತದೆ, ಒದ್ದೆ ಎಲೆ ಇನ್ನೂ ಹೆಚ್ಚು ಹೀರುತ್ತದೆ. ಮರಗಸಿ ಆದ ಬಳಿಕ ಕೆಲವರ ಮನೆಯಲ್ಲಿ ಸಿಗ್ನಲ್ ತುಸು ಸುಧಾರಿಸುವುದು ಇದೇ ಕಾರಣಕ್ಕೆ.

ಮನೆಯ ಮಾಡನ್ನೂ ಗಮನಿಸಬೇಕು. ಹಂಚಿನ ಮಾಡು ತರಂಗವನ್ನು ಅಷ್ಟಾಗಿ ತಡೆಯುವುದಿಲ್ಲ. ತಗಡಿನ ಶೀಟು ಹೆಚ್ಚುಕಡಿಮೆ ಪೂರ್ತಿ ತಡೆದುಬಿಡುತ್ತದೆ. ಹಂಚು ತೆಗೆದು ಶೀಟು ಹಾಕಿಸಿದ ಮೇಲೆ ಒಳಮನೆಯಲ್ಲಿ ಫೋನು ಸತ್ತಂತಾಯಿತು ಎಂದವರ ಮಾತು ಸುಳ್ಳಲ್ಲ.

ಕಡ್ಡಿ ಇದೆ, ಮಾತಿಲ್ಲ

ಟವರಿನ ಪ್ರೇಷಕದ ಶಕ್ತಿ ಹತ್ತಾರು ವಾಟ್. ನಮ್ಮ ಕೈಯ ಫೋನಿನದು 4ಜಿಯಲ್ಲಿ ಒಂದು ವಾಟಿನ ಐದನೆಯ ಒಂದು ಭಾಗ ಮಾತ್ರ. ಗುಡ್ಡದ ಮೇಲಿನಿಂದ ಧ್ವನಿವರ್ಧಕದಲ್ಲಿ ಕೂಗಿದ್ದು ನಮಗೆ ಕೇಳುತ್ತದೆ, ನಾವು ಕೆಳಗಿನಿಂದ ಪಿಸುಗುಟ್ಟಿದ್ದು ಅಲ್ಲಿಗೆ ಕೇಳದು. ಕಡ್ಡಿ ತೋರಿಸುವುದು ಟವರಿನ ಕೂಗು ನಮಗೆಷ್ಟು ಕೇಳುತ್ತಿದೆ ಎಂಬುದನ್ನು ಮಾತ್ರ. ಸಿಗ್ನಲ್ ಕ್ಷೀಣವಿದ್ದಲ್ಲಿ ಫೋನು ತನ್ನ ಪೂರ್ಣ ಶಕ್ತಿ ಹಾಕಿ ಕೂಗುತ್ತಿರುವುದರಿಂದಲೇ ತೋಟದ ಮನೆಯಲ್ಲಿ ಬ್ಯಾಟರಿ ಬೇಗ ಖಾಲಿಯಾಗುತ್ತದೆ.

ಎರಡನೆಯ ಕಾರಣ ಟವರಿನ ಹಿಂದಿರುವ ದಾರಿ. ಟವರ್ ತಾನೇ ಮಾತನ್ನು ಬೆಂಗಳೂರಿಗೆ ಕಳುಹಿಸುವುದಿಲ್ಲ. ಅದು ನೆಲದಡಿಯ ಫೈಬರ್ ಮೂಲಕವೋ, ಇನ್ನೊಂದು ಟವರಿಗೆ ಮುಖ ಮಾಡಿದ ಡಿಶ್ಶಿನ ಮೂಲಕವೋ ಮುಂದೆ ಹೋಗಬೇಕು. ರಸ್ತೆ ಅಗಲ ಮಾಡುವಾಗ ಜೆಸಿಬಿಯ ಬಾಯಿಗೆ ಫೈಬರ್ ಸಿಕ್ಕಿದರೆ ಫೋನಿನಲ್ಲಿ ನಾಲ್ಕು ಕಡ್ಡಿ ಇದ್ದರೂ ಪ್ರಯೋಜನವಿಲ್ಲ.

ಮಳೆಗಾಲದ ಪಾಡು

ಮಳೆಹನಿಯೇ ಸಿಗ್ನಲನ್ನು ತಿಂದುಹಾಕುತ್ತದೆ ಎಂಬ ನಂಬಿಕೆ ನಮ್ಮಲ್ಲಿದೆ. ಮೊಬೈಲಿಗೆ ಬಳಸುವ ತರಂಗಗಳ ಮಟ್ಟಿಗೆ ಹನಿಯಿಂದಾಗುವ ನಷ್ಟ ಗಣನೆಗೆ ಬಾರದಷ್ಟು. ನಿಜವಾದ ಕಾರಣ ಒದ್ದೆ ಎಲೆ ಮತ್ತು ಕರೆಂಟು. ಲೈನಿನ ಮೇಲೆ ಮರ ಬಿದ್ದು ವಿದ್ಯುತ್ ಹೋದ ಬಳಿಕ ಟವರ್ ಬ್ಯಾಟರಿಯ ಮೇಲೆ ಕೆಲವು ಗಂಟೆ ನಡೆಯುತ್ತದೆ. ಆಮೇಲೆ ಡೀಸೆಲ್ ಜನರೇಟರ್ ಇದ್ದು, ಅದಕ್ಕೆ ಎಣ್ಣೆ ಹಾಕುವವರಿದ್ದರೆ ಸರಿ, ಇಲ್ಲವಾದರೆ ಅದೂ ನಿಲ್ಲುತ್ತದೆ. ಊರಿಗೆ ಟವರ್ ಬಂತೆಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಬ್ಯಾಟರಿ, ಜನರೇಟರ್ ಸುಸ್ಥಿತಿಯಲ್ಲಿವೆಯೇ ಎಂದು ಮಳೆಗಾಲಕ್ಕೆ ಮೊದಲೇ ಕೇಳುವವರು ಬೇಕು.

ಟವರ್ ಏಕೆ ಬರುವುದಿಲ್ಲ?

ಬಯಲು ಸೀಮೆಯಲ್ಲಿ ಒಂದು ಟವರ್ ಹಲವು ಊರುಗಳನ್ನು ನೋಡಿಕೊಳ್ಳುತ್ತದೆ. ಮಲೆನಾಡಿನಲ್ಲಿ ಒಂದೊಂದು ಕಣಿವೆಗೂ ಒಂದೊಂದು ಬೇಕು, ಕಣಿವೆಯಲ್ಲಿರುವುದು ಹತ್ತಿಪ್ಪತ್ತು ಮನೆ. ಕಂಪನಿಗೆ ಲೆಕ್ಕ ಗಿಟ್ಟುವುದಿಲ್ಲ. ಸೂಕ್ತವಾದ ನೆತ್ತಿ ಅರಣ್ಯದೊಳಗಿದ್ದರೆ ಅದರ ಅನುಮತಿಯೂ ಆಗಬೇಕು.

ಹೀಗೆ ಗಿಟ್ಟದ ಕಡೆ ಸರ್ಕಾರ ನೆರವಾಗಬೇಕೆಂದೇ ದೂರಸಂಪರ್ಕ ಕಂಪನಿಗಳಿಂದ ಸಂಗ್ರಹಿಸುವ ನಿಧಿಯೊಂದಿದೆ. ಮೊದಲು ಸಾರ್ವತ್ರಿಕ ಸೇವಾ ನಿಧಿ ಎಂದಿದ್ದ ಇದಕ್ಕೆ 2023ರ ದೂರಸಂಪರ್ಕ ಕಾಯಿದೆಯಲ್ಲಿ ‘ಡಿಜಿಟಲ್ ಭಾರತ್ ನಿಧಿ’ ಎಂದು ಹೆಸರಾಯಿತು. 2022ರ ಜುಲೈಯಲ್ಲಿ ಕೇಂದ್ರ ಸಚಿವ ಸಂಪುಟ 24,680 ಹಳ್ಳಿಗಳಿಗೆ 4ಜಿ ಒದಗಿಸಲು 26,316 ಕೋಟಿ ರೂಪಾಯಿಯ ಯೋಜನೆಯನ್ನು ಒಪ್ಪಿ, ಬಿಎಸ್‌ಎನ್‌ಎಲ್‌ಗೆ ವಹಿಸಿತು. ಇಂಥ ಯೋಜನೆಗಳು ಹಳ್ಳಿಯ ಲೆಕ್ಕದಲ್ಲಿ ನಡೆಯುತ್ತವೆ ಎಂಬುದನ್ನು ನಾವು ಗಮನಿಸಬೇಕು. ಶಾಲೆಯ ಬಳಿ ಸಿಗ್ನಲ್ ಇದ್ದರೆ ಹಳ್ಳಿಗೆ ಸಿಗ್ನಲ್ ಇದೆ ಎಂದು ಕಾಗದದಲ್ಲಿ ದಾಖಲಾಗಬಹುದು. ಅದೇ ಹಳ್ಳಿಯ ಮೂರು ಮೈಲಿ ಆಚೆಯ ಕೇರಿ ಲೆಕ್ಕಕ್ಕೆ ಬರುವುದಿಲ್ಲ. ಕೇರಿ ಕೇರಿಯ ವಿವರ ಕೊಡಬೇಕಾದವರು ಅಲ್ಲಿ ವಾಸಿಸುವ ನಾವೇ.

ಮನೆಯಲ್ಲಿಯೇ ಮಾಡಬಹುದಾದದ್ದು

1. ಯಾವ ಕಂಪನಿಯ ಸಿಗ್ನಲ್ ಮನೆಗೆ ಬರುತ್ತದೆಂದು ಮೊದಲು ಪರೀಕ್ಷಿಸಿರಿ. ಕಂಪನಿಗಳು ತಮ್ಮ ವ್ಯಾಪ್ತಿಯ ನಕಾಶೆಯನ್ನು ಜಾಲತಾಣದಲ್ಲಿ ಪ್ರಕಟಿಸಬೇಕೆಂದು ಟ್ರಾಯ್ 2024ರಲ್ಲಿ ನಿಯಮ ಮಾಡಿದೆ. ನಕಾಶೆ ನೋಡಿ, ಆದರೆ ನೆಂಟರ ಫೋನು ತಂದು ಮನೆಯ ಮೂಲೆ ಮೂಲೆಯಲ್ಲೂ ನೋಡದೆ ಸಿಮ್ ಬದಲಿಸಬೇಡಿ.

2. ಹಿಂದೆ ಬಿಎಸ್‌ಎನ್‌ಎಲ್‌ನ ಡಬ್ಲ್ಯುಎಲ್‌ಎಲ್ ಫೋನಿಗೆ ಎತ್ತರದಲ್ಲಿ ಆಂಟೆನಾ ಕಟ್ಟಿದ್ದು ಹಲವರಿಗೆ ನೆನಪಿರಬಹುದು. ಅದೇ ತತ್ತ್ವ ಈಗಲೂ ನಡೆಯುತ್ತದೆ. ಹೊರಗಿನ ಆಂಟೆನಾ ಜೋಡಿಸಲು ಬರುವ 4ಜಿ ರೂಟರ್ ಪೇಟೆಯಲ್ಲಿ ಸಿಗುತ್ತದೆ. ಸಿಗ್ನಲ್ ಬರುವ ದಿಬ್ಬದಲ್ಲಿ ಅದನ್ನಿಟ್ಟು, ಅಲ್ಲಿಂದ ಮನೆಗೆ ನೆಟ್‌ವರ್ಕ್ ತಂತಿ ಎಳೆಯಬಹುದು. ಆ ತಂತಿ 100 ಮೀಟರ್ ಮೀರಬಾರದು. ಗುಡುಗು ಸಿಡಿಲಿನ ಹೊತ್ತು ಬರುವ ಮೊದಲೇ ತಂತಿಯನ್ನೂ ಪ್ಲಗ್ಗನ್ನೂ ಕಳಚಿಡತಕ್ಕದ್ದು.

3. ಫೈಬರ್ ಸಂಪರ್ಕ ಸಿಗುವಂತಿದ್ದರೆ ಅದೇ ಉತ್ತಮ. ಗುಡ್ಡ, ಎಲೆ, ತಗಡು ಯಾವುದೂ ಅದಕ್ಕೆ ಅಡ್ಡಿಯಲ್ಲ. ಫೈಬರ್ ಬಂದ ಮೇಲೆ ಫೋನಿನಲ್ಲಿ ‘ವೈಫೈ ಕಾಲಿಂಗ್’ ಎಂಬುದನ್ನು ಚಾಲೂ ಮಾಡಿದರೆ, ಟವರಿನ ಸಿಗ್ನಲ್ ಲವಲೇಶವಿಲ್ಲದಿದ್ದರೂ ನಿಮ್ಮ ಅದೇ ನಂಬರಿಗೆ ಕರೆ ಬರುತ್ತದೆ, ಹೋಗುತ್ತದೆ. ಖಾಸಗಿ ಕಂಪನಿಗಳು 2019–20ರಿಂದ ಈ ಸೌಲಭ್ಯ ಕೊಡುತ್ತಿವೆ. ಫೈಬರ್ ಹಾಕಿಸಿಕೊಂಡೂ ಈ ಗುಂಡಿ ಒತ್ತದೆ ಈಗಲೂ ಗುಡ್ಡ ಹತ್ತುತ್ತಿರುವ ಸದಸ್ಯರನ್ನು ನಾವು ಬಲ್ಲೆವು. ಬಹುತೇಕ ಹೊಸ ಫೋನುಗಳಲ್ಲಿ ಇದು ಇದೆ, ಪ್ರತ್ಯೇಕ ಶುಲ್ಕವಿಲ್ಲ.

4. ರೂಟರಿಗೆ ಬೇಕಾಗುವ ವಿದ್ಯುತ್ ಬಹಳ ಕಡಿಮೆ, ಸಣ್ಣ ಎಲ್‌ಇಡಿ ಬಲ್ಬಿನಷ್ಟು. ಇನ್ವರ್ಟರಿಗೋ ಚಿಕ್ಕ ಬ್ಯಾಟರಿಗೋ ಜೋಡಿಸಿಡಿ.

ಮಾಡಬಾರದ್ದು

ಸಿಗ್ನಲ್ ಹೆಚ್ಚಿಸುವ ‘ಬೂಸ್ಟರ್’ ಎಂದು ಮಾರುವ ಪೆಟ್ಟಿಗೆಯನ್ನು ಖಾಸಗಿಯವರು ಪರವಾನಗಿ ಇಲ್ಲದೆ ಹಾಕಿಕೊಳ್ಳುವುದು ಕಾನೂನಿಗೆ ವಿರುದ್ಧ. ಅದು ಟವರಿಗೆ ಗದ್ದಲ ತುಂಬಿ ಸುತ್ತಲಿನ ಹತ್ತಾರು ಮನೆಯ ಮಾತನ್ನೂ ಕೆಡಿಸುತ್ತದೆ. ನಮ್ಮ ಮನೆಯ ಹಿತಕ್ಕೆ ನೆರೆಯವರ ನೀರಿನ ಕಾಲುವೆ ಕಟ್ಟಿದಂತೆ ಇದು.

ಇನ್ನೊಂದು, ನಿಮ್ಮ ಜಾಗದಲ್ಲಿ ಟವರ್ ಹಾಕುತ್ತೇವೆ, ತಿಂಗಳಿಗೆ ದೊಡ್ಡ ಬಾಡಿಗೆ ಕೊಡುತ್ತೇವೆ, ಮೊದಲು ಠೇವಣಿ ಕಟ್ಟಿ ಎಂದು ಬರುವ ಕರೆ. ಟವರ್ ಹಾಕಲು ತಾನು ಯಾವ ಪ್ರಮಾಣಪತ್ರವನ್ನೂ ಕೊಡುವುದಿಲ್ಲ ಎಂದು ಟ್ರಾಯ್ ಹಲವು ಬಾರಿ ಸಾರಿದೆ. ಜಾಗದವರು ಬಾಡಿಗೆ ಪಡೆಯುವವರೇ ಹೊರತು ಹಣ ಕಟ್ಟುವವರಲ್ಲ. ಮುಂಗಡ ಕೇಳಿದರೆ ಅದು ಮೋಸವೆಂದೇ ತಿಳಿಯಿರಿ.

ಪ್ರಾಣಕ್ಕೆ ಸಂಬಂಧಿಸಿದ ಮಾತು

ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದ ಕಡೆಯೂ ಬೇರೊಂದು ಕಂಪನಿಯ ಸಿಗ್ನಲ್ ಇರಬಹುದು. 112ಕ್ಕೆ ಕರೆ ಮಾಡಿದರೆ ಫೋನು ಸಿಕ್ಕಿದ ಯಾವುದೇ ಕಂಪನಿಯ ಟವರಿನ ಮೂಲಕ ಹೋಗಲು ಯತ್ನಿಸುತ್ತದೆ. ಬೇರೆ ನಂಬರುಗಳಿಗೆ ಈ ಅನುಕೂಲವನ್ನು ನೆಚ್ಚಿಕೊಳ್ಳುವಂತಿಲ್ಲ. ಆದುದರಿಂದ ‘ನೆಟ್‌ವರ್ಕ್ ಇಲ್ಲ’ ಎಂದು ಕೈಚೆಲ್ಲುವ ಮೊದಲು 112 ಒತ್ತಿ ನೋಡಿ. ಕೆಲಸದವರಿಗೂ ಇದನ್ನು ಹೇಳಿಕೊಡಿ.

ಅಕ್ಷಾಂಶ ರೇಖಾಂಶ ತಿಳಿಯಲು ಸಿಗ್ನಲ್ ಬೇಕಿಲ್ಲ, ಫೋನು ಅದನ್ನು ಉಪಗ್ರಹದಿಂದ ನೇರವಾಗಿ ಪಡೆಯುತ್ತದೆ. ನಿಮ್ಮ ಮನೆಯ ಆ ಎರಡು ಅಂಕಿಗಳನ್ನು ಬರೆದು ಗೋಡೆಗೆ ಅಂಟಿಸಿಡಿ. ದಿಬ್ಬ ಹತ್ತಿ ಕರೆ ಮಾಡುವವರು ಆ ಚೀಟಿ ಒಯ್ದರೆ, ‘ಆಲದ ಮರದ ಹತ್ತಿರ ಎಡಕ್ಕೆ ತಿರುಗಿ’ ಎಂದು ದಾರಿ ಹೇಳುತ್ತ ಸಮಯ ಕಳೆಯಬೇಕಾಗುವುದಿಲ್ಲ. ಕೊಯ್ಲು, ಮರಗಸಿ, ಔಷಧಿ ಸಿಂಪಡಣೆಯ ದಿನಗಳಲ್ಲಿ ಎಲ್ಲಿ ಸಿಗ್ನಲ್ ಸಿಗುತ್ತದೆಂಬುದು ತೋಟದಲ್ಲಿರುವ ಪ್ರತಿಯೊಬ್ಬರಿಗೂ ಗೊತ್ತಿರಬೇಕು.

ಸಂಘದ ಕಡೆಯಿಂದ

ಒಬ್ಬೊಬ್ಬರೇ ಬರೆದ ಅರ್ಜಿ ಕಡತದಲ್ಲಿ ಮಲಗುತ್ತದೆ. ಕೇರಿಯ ಮನೆಗಳೆಲ್ಲ ಸೇರಿ, ಅಂಕಿ ಅಂಶದೊಡನೆ ಕೊಟ್ಟ ಮನವಿಗೆ ಉತ್ತರ ಕೊಡಲೇಬೇಕಾಗುತ್ತದೆ. ಕೇರಿಯ ಹೆಸರು, ಸರ್ವೆ ನಂಬರು, ಮನೆಗಳ ಸಂಖ್ಯೆ, ಒಂಟಿ ವೃದ್ಧರ ಮನೆಗಳೆಷ್ಟು, ಸಿಗ್ನಲ್ ಸಿಗುವ ಅತಿ ಹತ್ತಿರದ ಜಾಗ ಎಷ್ಟು ದೂರ, ಯಾವ ಕಂಪನಿಯದು, ಖಾಸಗಿ ಜಾಗದಲ್ಲಿರುವ ಎತ್ತರದ ನೆತ್ತಿ ಯಾವುದು, ಅಲ್ಲಿಗೆ ಕರೆಂಟು ಮತ್ತು ರಸ್ತೆ ಇದೆಯೇ ಎಂಬ ವಿವರಗಳ ಒಂದು ಪುಟದ ನಮೂನೆಯನ್ನು ಸಂಘದ ಕಚೇರಿಯಲ್ಲಿ ಇರಿಸಿದ್ದೇವೆ. ಸದಸ್ಯರಲ್ಲದ ನೆರೆಹೊರೆಯವರ ವಿವರವನ್ನೂ ಸೇರಿಸಿ ತುಂಬಿ ಕೊಡಿರಿ. ಒಟ್ಟುಗೂಡಿಸಿದ ಪಟ್ಟಿಯನ್ನು ಗ್ರಾಮ ಪಂಚಾಯಿತಿಗೂ, ಜಿಲ್ಲಾಧಿಕಾರಿಗಳಿಗೂ, ಸಂಸದರಿಗೂ ಸಂಘದ ಠರಾವಿನೊಡನೆ ಕಳುಹಿಸುತ್ತೇವೆ. ಟವರ್ ಬರುವುದು ನಮ್ಮ ಕೈಯಲ್ಲಿಲ್ಲ. ವೈಫೈ ಕಾಲಿಂಗ್ ಚಾಲೂ ಮಾಡುವುದು, ಗೋಡೆಗೆ ಚೀಟಿ ಅಂಟಿಸುವುದು ಈ ದಿನವೇ ಆಗುವ ಕೆಲಸ. ಅದು ತಿಳಿಯದವರು ಫೋನು ಹಿಡಿದು ಕಚೇರಿಗೆ ಬಂದರೆ ನಮ್ಮ ಗುಮಾಸ್ತರು ಮಾಡಿಕೊಡುತ್ತಾರೆ.

— ಕಾರ್ಯದರ್ಶಿ