ಹೊಗೆಯೂ ದೇಹದೊಳಗಣ ತುಕ್ಕೂ

ನಮ್ಮ ಬೇತಮಂಗಲದ ಕೆರೆಯ ನೀರು ಕೋಲಾರದ ಚಿನ್ನದ ಗಣಿಗಳ ಊರಿಗೆ ಹೋಗುತ್ತಿದ್ದಂತೆಯೇ ಈ ಸೀಮೆಯ ಗಂಡಸರೂ ಅಲ್ಲಿಗೆ ದುಡಿಯಹೋಗುತ್ತಿದ್ದರು. 2001ರಲ್ಲಿ ಗಣಿಗಳು ಮುಚ್ಚಿದುವು. ಆದರೆ ಗಣಿಯ ಕೆಮ್ಮನ್ನು ಈ ಕಡೆಯ ಮನೆಗಳವರು ಇಂದಿಗೂ ಬಲ್ಲರು. 1940ರಿಂದ 1946ರವರೆಗೆ ಅಲ್ಲಿನ 7,653 ಕೆಲಸಗಾರರನ್ನು ಪರೀಕ್ಷಿಸಲಾಗಿ ನೂರಕ್ಕೆ 43.7 ಮಂದಿಯಲ್ಲಿ ಕಲ್ಲುಧೂಳಿನ ಶ್ವಾಸಕೋಶರೋಗವಾದ ಸಿಲಿಕೋಸಿಸ್ ಕಂಡುಬಂದಿತು. ಆ ಧೂಳು ಹೊಟ್ಟೆಪಾಡಿಗಾಗಿ ಒಳಹೊಕ್ಕದ್ದು; ಬೀಡಿ ಸಿಗರೇಟುಗಳ ಹೊಗೆಯಾದರೋ ಕಾಸು ಕೊಟ್ಟು ಕರೆತಂದ ಅತಿಥಿ. ಧೂಳನ್ನು ನುಂಗಿದ ತಂದೆಯ ಎದುರಿಗೇ ಮಗನು ಬೀಡಿ ಹಚ್ಚುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಏಕೆಂದರೆ ಒಳಗೆ ಇವೆರಡೂ ಮಾಡುವ ಕೇಡು ಬಹುಮಟ್ಟಿಗೆ ಒಂದೇ ಜಾತಿಯದು.

ಅದಾವುದೆಂದರೆ, ಕಬ್ಬಿಣಕ್ಕೆ ತುಕ್ಕು ಹಿಡಿಯುವುದು ಆಮ್ಲಜನಕದ ಸಂಯೋಗದಿಂದಷ್ಟೆ. ಆ ವಾಯುವಿನಿಂದಲೇ ಬದುಕುವ ನಮ್ಮ ದೇಹದಲ್ಲಿಯೂ ಒಂಟಿ ಎಲೆಕ್ಟ್ರಾನುಳ್ಳ ಕೆಲವು ಚಂಚಲ ಕಣಗಳು ಹುಟ್ಟಿ, ಜೊತೆಯನ್ನರಸುತ್ತ ನೆರೆಯ ಕಣದಿಂದ ಎಲೆಕ್ಟ್ರಾನನ್ನು ಕಿತ್ತುಕೊಳ್ಳುತ್ತವೆ. ಕಳೆದುಕೊಂಡದ್ದು ಮತ್ತೊಂದರ ಮೇಲೆ ಬೀಳುತ್ತದೆ. ಗ್ಲುಟಾಥಯೋನ್ ಎಂಬ ದ್ರವ್ಯವೂ ಸಿ ಮತ್ತು ಇ ಜೀವಸತ್ತ್ವಗಳೂ ಇವನ್ನು ಶಮನಗೊಳಿಸುತ್ತವೆ. ಶಮನಕ್ಕಿಂತ ಉತ್ಪತ್ತಿಯೇ ಮಿಗಿಲಾದ ಸ್ಥಿತಿಗೆ ಉತ್ಕರ್ಷಣದ ಒತ್ತಡವೆಂದು ಹೆಸರು. ಸಿಗರೇಟಿನ ಒಂದು ದಮ್ಮಿನಲ್ಲಿಯೇ ಇಂಥ ಕಣಗಳು ಕೋಟ್ಯನುಕೋಟಿ. ಹೊಗೆಯನ್ನೆದುರಿಸಲು ಧಾವಿಸುವ ಬಿಳಿಯ ರಕ್ತಕಣಗಳೂ ಮತ್ತಷ್ಟನ್ನು ಹೊರಚೆಲ್ಲುತ್ತವೆ. ಶ್ವಾಸಕೋಶದ ಹಿಗ್ಗುವ ತಂತುಗಳನ್ನು ಕಾಯುವ ಪ್ರೋಟೀನು ಇದರಿಂದ ನಿಷ್ಕ್ರಿಯವಾಗಿ ಗಾಳಿಯ ಚೀಲಗಳು ಶಿಥಿಲವಾಗುತ್ತವೆ. ರಕ್ತನಾಳಗಳ ಒಳಪದರ ಕೆಡುತ್ತದೆ. ಜೀವಕೋಶದ ಬೀಜದಲ್ಲಿರುವ ಡಿಎನ್ಎಗೂ ಪೆಟ್ಟು ಬೀಳುತ್ತದೆ.

ಚರಕಾಚಾರ್ಯರೇ ಧೂಮಪಾನವನ್ನು ವಿಧಿಸಿರುವರಲ್ಲವೇ ಎಂದು ಜಗಲಿಯ ಮೇಲೆ ವಾದಿಸುವವರುಂಟು. ಚರಕಸಂಹಿತೆಯ ಸೂತ್ರಸ್ಥಾನದ ಐದನೆಯ ಅಧ್ಯಾಯದಲ್ಲಿ ಅದು ಇರುವುದು ನಿಜ. ಆದರೆ ಅಲ್ಲಿಯದು ಗಂಧದ್ರವ್ಯಗಳನ್ನರೆದು ಮಾಡಿದ ಔಷಧವರ್ತಿ; ಅದಕ್ಕೂ ಕಾಲನಿಯಮವುಂಟು, ಅತಿಯಾದರೆ ಬರುವ ರೋಗಗಳ ಎಚ್ಚರಿಕೆಯುಂಟು. ಹೊಗೇಸೊಪ್ಪು ಅಮೆರಿಕ ಖಂಡದ ಗಿಡ. ಪೋರ್ಚುಗೀಸರು ತಂದ ಮೇಲೆಯೇ ಈ ದೇಶ ಅದನ್ನು ಕಂಡದ್ದು.

ಹಾಗಾದರೆ ಸೇದುತ್ತಲೇ ಜೀವಸತ್ತ್ವದ ಗುಳಿಗೆಯನ್ನು ನುಂಗಿದರೆ ಸಾಲದೇ? ಫಿನ್ಲೆಂಡಿನಲ್ಲಿ ಧೂಮಪಾನಿಗಳಾದ 29,133 ಗಂಡಸರ ಮೇಲೆ ಇದನ್ನೇ ಪರೀಕ್ಷಿಸಿದರು. 1994ರಲ್ಲಿ ಪ್ರಕಟವಾದ ಫಲಿತಾಂಶವು ವಿಪರೀತವಾಗಿತ್ತು: ಬೀಟಾ ಕ್ಯಾರೊಟೀನ್ ಗುಳಿಗೆ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರು ನೂರಕ್ಕೆ 18ರಷ್ಟು ಹೆಚ್ಚಾಗಿದ್ದಿತು! ಸೇದುವುದನ್ನು ಬಿಟ್ಟವರಲ್ಲಾದರೋ ನಾಲ್ಕೇ ವಾರಗಳಲ್ಲಿ ರಕ್ತದ ಸಿ ಜೀವಸತ್ತ್ವವು ಗುಳಿಗೆಯಿಲ್ಲದೆಯೇ ಏರಿದುದು ಕಂಡುಬಂದಿದೆ. ಆದರೆ ಒಮ್ಮೆ ನಾಶವಾದ ಗಾಳಿಯ ಚೀಲಗಳು ಮತ್ತೆ ಹುಟ್ಟುವುದಿಲ್ಲ.